ಸಂಕಲ್ಪಕ್ಕೂ ಒಂದು ವಿಳಾಸ ಇರಲಿ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಧಾರವಾಡದ ಸಪ್ತಾಪುರದ ಅಂಗಡಿಗಳಲ್ಲಿ ಹೊಸ ಡೈರಿ, ಡ್ರಾಯಿಂಗ್ ಶೀಟು, ಬಣ್ಣದ ಸ್ಕೆಚ್ ಪೆನ್ನುಗಳಿಗೆ ಬೇಡಿಕೆ ಬರುತ್ತದೆ. ಕೋಚಿಂಗ್ ಸೆಂಟರ್, ಪಿಜಿ, ರೀಡಿಂಗ್ ರೂಮುಗಳಿಂದಲೇ ತುಂಬಿರುವ ನಮ್ಮ ಈ ಬಡಾವಣೆಯಲ್ಲಿ ಹೊಸ ವರ್ಷವೆಂದರೆ ಕೇಕಿಗಿಂತ ಮೊದಲು ನೆನಪಾಗುವುದು ಗೋಡೆಗೆ ಅಂಟಿಸುವ ಹೊಸ ಟೈಮ್ ಟೇಬಲ್. ಬೆಳಗಿನ ಜಾವ ನಾಲ್ಕಕ್ಕೆ ಏಳುವುದು. ದಿನಕ್ಕೆ ಹದಿನಾಲ್ಕು ಗಂಟೆ ಓದು. ಇನ್‌ಸ್ಟಾಗ್ರಾಂ ಡಿಲೀಟ್. ಕ್ರಿಕೆಟ್ ಬಂದ್. ಸಂಜೆಯ ಚಹಾದ ಹರಟೆ ಬಂದ್. ಊರಿಗೆ ಹೋಗುವುದೂ ಬಂದ್. ಓದುತ್ತ ಹೋದರೆ ಇದು ಹೊಸ ವರ್ಷದ ಆಸೆಗಳ ಪಟ್ಟಿ ಅನ್ನಿಸುವುದಿಲ್ಲ, ಯಾರಿಗೋ ವಿಧಿಸಿದ ಶಿಕ್ಷೆಯ ಆದೇಶ ಅನ್ನಿಸುತ್ತದೆ. ಆ ಯಾರೋ ಬೇರೆಯವರಲ್ಲ, ನಾವೇ!

ಪರೀಕ್ಷೆಗೆ ಓದುವವರ ಕತೆ ಮಾತ್ರ ಇದಲ್ಲ. ಬೆಂಗಳೂರಿನಲ್ಲಿ ನೌಕರಿಗಿರುವ ಗೆಳೆಯರ ಪಟ್ಟಿಯಲ್ಲಿ ಜಿಮ್ಮು, ಸಕ್ಕರೆ ಬಿಡುವುದು, ತಿಂಗಳಿಗೆ ಇಷ್ಟು ಉಳಿತಾಯ, ವರ್ಷಕ್ಕೆ ಐವತ್ತು ಪುಸ್ತಕ ಇರುತ್ತವೆ. ಮದುವೆಯಾಗಿ ಊರು ಬಿಟ್ಟ ಗೆಳತಿಯರ ಪಟ್ಟಿಯಲ್ಲಿ ಬಿಟ್ಟುಹೋದ ಓದು, ಬಿಟ್ಟುಹೋದ ಹಾಡು ಮತ್ತೆ ಶುರು ಮಾಡುವ ಮಾತಿರುತ್ತದೆ. ವಿಷಯ ಬೇರೆಯಾದರೂ ಹೆಚ್ಚಿನ ಪಟ್ಟಿಗಳ ಬೆನ್ನಿಗೆ ಒಂದೇ ದನಿ ಕೇಳುತ್ತದೆ: ‘ಈಗ ಇರುವ ನಾನು ಸಾಲದು, ಒಂದನೇ ತಾರೀಖಿನಿಂದ ಬೇರೆ ಯಾರೋ ಆಗಬೇಕು.’

ಬದಲಾಗಬೇಕು ಅನ್ನಿಸುವುದು ಒಳ್ಳೆಯದೇ. ನನ್ನ ತಕರಾರು ಇರುವುದು ಆ ದನಿಯ ಬಗ್ಗೆ. ಸರಿಯಾದ ಸಂಕಲ್ಪಕ್ಕೆ ಅಷ್ಟು ಗಡಸು ದನಿ ಬೇಕಾಗಿಲ್ಲ ಎಂಬುದನ್ನು ನಮ್ಮ ಮನೆಗಳಲ್ಲೇ ನಡೆಯುವ ಒಂದು ಹಳೆಯ ಕ್ರಮ ಹೇಳುತ್ತದೆ. ಅದನ್ನು ನಾವು ನೂರು ಸಲ ಕೇಳಿದ್ದೇವೆ, ಗಮನಿಸಿದ್ದು ಕಡಿಮೆ.

ಪುರೋಹಿತರು ಮೊದಲು ಹೇಳಿಸುವುದೇನು?

ರೆಸಲ್ಯೂಷನ್ ಎಂಬ ಮಾತಿಗೆ ನಾವು ಕನ್ನಡದಲ್ಲಿ ಬಳಸುವ ಪದ ಸಂಕಲ್ಪ. ಸತ್ಯನಾರಾಯಣ ಪೂಜೆಯಲ್ಲೋ ಗೃಹಪ್ರವೇಶದಲ್ಲೋ ಪುರೋಹಿತರು ಯಜಮಾನರ ಕೈಗೆ ಅಕ್ಷತೆ, ನೀರು ಕೊಟ್ಟು ಸಂಕಲ್ಪ ಹೇಳಿಸುವುದನ್ನು ನೆನಪಿಸಿಕೊಳ್ಳಿ. ‘ಇಂಥ ಪೂಜೆ ಮಾಡುತ್ತೇನೆ’ ಎಂಬ ಮಾತು ಅಲ್ಲಿ ಮೊದಲು ಬರುವುದೇ ಇಲ್ಲ. ಅದಕ್ಕೂ ಮುಂಚೆ ಜಾಗ ಬರುತ್ತದೆ: ಜಂಬೂದ್ವೀಪ, ಭರತವರ್ಷ, ನಮ್ಮ ಕಡೆಯಾದರೆ ಗೋದಾವರಿ ನದಿಯ ದಕ್ಷಿಣ ತೀರ. ಆಮೇಲೆ ಕಾಲ: ಶಾಲಿವಾಹನ ಶಕೆ, ಸಂವತ್ಸರದ ಹೆಸರು, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಆಮೇಲೆ ಪೂಜೆಗೆ ಕುಳಿತವರ ಗೋತ್ರ, ಹೆಸರು. ಇಷ್ಟೆಲ್ಲ ಆದ ಮೇಲೆ, ಕಟ್ಟಕಡೆಗೆ, ಮಾಡಲಿರುವ ಕೆಲಸ. ಅಲ್ಲಿಯೂ ‘ಯಥಾಶಕ್ತಿ’ ಎಂಬರ್ಥದ ಮಾತೊಂದು ಸೇರಿರುತ್ತದೆ. ಅಂದರೆ ನನ್ನ ಶಕ್ತಿ ಇದ್ದಷ್ಟು. ಇನ್ನು ಪೂಜೆ ಮುಗಿಯುವ ಹೊತ್ತಿಗೆ, ಮಂತ್ರದಲ್ಲೋ ಕ್ರಿಯೆಯಲ್ಲೋ ಭಕ್ತಿಯಲ್ಲೋ ಕೊರತೆಯಾಗಿದ್ದರೆ ಮನ್ನಿಸು ಎಂಬ ಪ್ರಾರ್ಥನೆಯೂ ಇದೆ. ಕೊರತೆ ಆಗಿಯೇ ಇರುತ್ತದೆ ಎಂದು ಮೊದಲೇ ಗೊತ್ತಿದ್ದವರು ಕಟ್ಟಿದ ಕ್ರಮ ಇದು.

ಮುಸ್ಲಿಂ ಗೆಳೆಯರಿಗೆ ‘ನಿಯ್ಯತ್’ ಗೊತ್ತು. ನಮಾಜಿಗೆ ನಿಲ್ಲುವ ಮುನ್ನ, ರೋಜಾ ಹಿಡಿಯುವ ಮುನ್ನ ಮನಸ್ಸಿನಲ್ಲಿ ಮಾಡುವ ಉದ್ದೇಶ ಅದು. ಅದೇ ಅರಬ್ಬಿ ಪದ ಕನ್ನಡಕ್ಕೆ ‘ನಿಯತ್ತು’ ಆಗಿ ಬಂದು, ‘ನಿಯತ್ತಿನ ಮನುಷ್ಯ’ ಎನ್ನುವಾಗ ಪ್ರಾಮಾಣಿಕತೆ ಎಂಬ ಅರ್ಥ ಕೊಡುತ್ತದೆ. ಉದ್ದೇಶಕ್ಕೂ ಪ್ರಾಮಾಣಿಕತೆಗೂ ಒಂದೇ ಪದ ಇರುವುದು ನನಗೆ ಬಹಳ ಇಷ್ಟ.

ದೇವರ ವಿಚಾರ ಅವರವರಿಗೆ ಬಿಟ್ಟದ್ದು. ನನಗೆ ಹಿಡಿಸಿದ್ದು ಆ ಕ್ರಮ. ಎಲ್ಲಿದ್ದೇನೆ, ಯಾವ ಕಾಲದಲ್ಲಿದ್ದೇನೆ, ಯಾರಾಗಿದ್ದೇನೆ ಎಂದು ಹೇಳಿದ ಮೇಲೆಯೇ ಏನು ಮಾಡುತ್ತೇನೆ ಎಂಬ ಮಾತು. ಅದೂ ಶಕ್ತಿ ಇದ್ದಷ್ಟು. ತಪ್ಪಿದರೆ ಮನ್ನಿಸಲು ಕೊನೆಯಲ್ಲೊಂದು ಜಾಗ. ನಮ್ಮ ಗೋಡೆಯ ಟೈಮ್ ಟೇಬಲ್‌ಗಳಲ್ಲಿ ಈ ಮೂರೂ ಇರುವುದಿಲ್ಲ. ಅವು ನೇರವಾಗಿ ಕೊನೆಯ ಸಾಲಿನಿಂದಲೇ ಶುರುವಾಗುತ್ತವೆ. ವಿಳಾಸ ಬರೆಯದೆ ಡಬ್ಬಿಗೆ ಹಾಕಿದ ಪತ್ರದ ಹಾಗೆ.

ಹಿಂದಿನ ಪುಟದ ಬಾಕಿ

ವಿಳಾಸ ಗೊತ್ತಾಗಬೇಕಾದರೆ ಕಳೆದ ವರ್ಷವನ್ನು ಒಮ್ಮೆ ತಿರುಗಿ ನೋಡಬೇಕು. ಇದನ್ನು ಚೆನ್ನಾಗಿ ಬಲ್ಲವರು ನಮ್ಮ ಪೇಟೆಯ ವ್ಯಾಪಾರಸ್ಥರು. ದೀಪಾವಳಿಯ ಪಾಡ್ಯಕ್ಕೆ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡುವ ಅಂಗಡಿಗಳು ಇವತ್ತಿಗೂ ಇವೆ. ಪುಸ್ತಕ ಹೊಸದಾದರೂ ಲೆಕ್ಕ ಸೊನ್ನೆಯಿಂದ ಶುರುವಾಗುವುದಿಲ್ಲ. ಮೊದಲ ಸಾಲಿನಲ್ಲಿ ಹಳೆಯ ಪುಸ್ತಕದ ಬಾಕಿ ಬಂದು ಕೂರುತ್ತದೆ. ಯಾರು ಎಷ್ಟು ಕೊಡಬೇಕು, ಯಾರಿಗೆ ಎಷ್ಟು ಕೊಡಬೇಕು, ಗಲ್ಲಾದಲ್ಲಿ ಎಷ್ಟಿದೆ, ಗೋದಾಮಿನಲ್ಲಿ ಏನಿದೆ. ಲೆಕ್ಕ ಬರೆಯುವಾಗ ಅಂಗಡಿಯವರು ತಮ್ಮನ್ನು ತಾವು ಬೈದುಕೊಳ್ಳುತ್ತ ಕೂರುವುದಿಲ್ಲ, ಬಾಕಿಯನ್ನು ಮುಚ್ಚಿಡುವುದೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಾರೆ.

ಈ ಸಲ ನಾನೂ ನನ್ನ ರೂಮ್‌ಮೇಟೂ ಟೈಮ್ ಟೇಬಲ್ ಬರೆಯುವ ಮುನ್ನ ಹೀಗೊಂದು ಲೆಕ್ಕಕ್ಕೆ ಕುಳಿತೆವು. ಒಂದು ಹಾಳೆ, ಮೂರು ಸಾಲು: ಬಂದದ್ದು, ಹೋದದ್ದು, ಉಳಿದದ್ದು. ಅವನು ನವಲಗುಂದ ತಾಲ್ಲೂಕಿನ ರೈತರ ಮನೆಯವನು. ಪೆನ್ನು ಹಿಡಿದು ಹತ್ತು ನಿಮಿಷ ಸುಮ್ಮನೆ ಕುಳಿತ.

“ಏನ್ ಬರೀಲೋ? ಈ ವರ್ಷ ಏನೂ ಆಗಿಲ್ಲ. ಬರೇ ಸೊನ್ನಿ.”

“ಸೆಪ್ಟೆಂಬರದಾಗ ಎಲ್ಲಿದ್ದಿ?”

“ಹುಬ್ಬಳ್ಳ್ಯಾಗ. ಅಪ್ಪನ ಆಪರೇಷನ್ ಇತ್ತಲ್ಲ.”

“ದವಾಖಾನಿಯೊಳಗ ಯಾರಿದ್ರು?”

“ನಾನ ಇದ್ದೆ. ಮತ್ಯಾರ್ ಇರ್ತಾರ? ಇಪ್ಪತ್ತೆರಡು ದಿನ.”

“ಆಮ್ಯಾಲೆ?”

“ಊರಿಗೆ ಹೋದೆ. ಜ್ವಾಳ, ಕಡ್ಲಿ ಬಿತ್ತೂದಿತ್ತು. ಅಪ್ಪಗ ಹೊಲಕ್ಕ ಹೋಗಾಕ ಆಗ್ತಿದ್ದಿಲ್ಲ. ನಾನು, ಅವ್ವ ಇಬ್ರೂ ಕೂಡಿ…” ಅಂದವನು ಮಾತು ನಿಲ್ಲಿಸಿದ. ಹಾಳೆ ನೋಡಿದ. “ಇದನ್ನೂ ಬರೀಬೇಕೇನು?”

ಬರೆದ. ಬಂದದ್ದು ಎಂಬಲ್ಲಿ: ಅಪ್ಪ ಎದ್ದು ಓಡಾಡುತ್ತಿದ್ದಾರೆ. ಆರು ಎಕರೆ ಬಿತ್ತನೆ ಆಯಿತು. ಡಾಕ್ಟರ ಹತ್ತಿರ, ಬ್ಯಾಂಕಿನವರ ಹತ್ತಿರ ಹೆದರದೆ ಮಾತಾಡುವುದು ಬಂತು. ಹೊಲದ ಸಾಲ ಎಷ್ಟಿದೆ ಎಂದು ಅಪ್ಪ ಮೊದಲ ಸಲ ಎದುರು ಕೂರಿಸಿಕೊಂಡು ಹೇಳಿದರು. ಹೋದದ್ದು ಎಂಬಲ್ಲಿ: ಎರಡೂವರೆ ತಿಂಗಳ ಓದು, ಒಂದು ಪರೀಕ್ಷೆ. ಉಳಿದದ್ದು ಎಂಬಲ್ಲಿ: ಇತಿಹಾಸ ಅರ್ಧ, ಗಣಿತ ಪೂರ್ತಿ, ವಯೋಮಿತಿಗೆ ಇನ್ನೂ ಇರುವ ವರ್ಷಗಳು.

ಪರೀಕ್ಷೆಯ ಲೆಕ್ಕದಲ್ಲಿ ಮಾತ್ರ ನೋಡಿದರೆ ಅವನ ವರ್ಷ ಸೊನ್ನೆಯೇ. ಫಲಿತಾಂಶದ ಪಟ್ಟಿಯಲ್ಲಿ ದವಾಖಾನೆಯ ಇಪ್ಪತ್ತೆರಡು ರಾತ್ರಿಗಳಿಗೆ ಅಂಕವಿಲ್ಲ. ಆದರೆ ಆ ಸೊನ್ನೆಯನ್ನೇ ನಂಬಿ ಹೊಸ ವರ್ಷದ ಟೈಮ್ ಟೇಬಲ್ ಬರೆದರೆ ಏನಾಗುತ್ತದೆ? ‘ಕಳೆದ ವರ್ಷ ದಂಡವಾಯಿತು, ಈ ವರ್ಷ ಬಡ್ಡಿ ಸಮೇತ ತೀರಿಸಬೇಕು’ ಎಂಬ ಲೆಕ್ಕ ಬರುತ್ತದೆ. ಹದಿನಾಲ್ಕು ಗಂಟೆ, ಊರು ಬಂದ್, ಎಲ್ಲ ಬಂದ್. ಫೆಬ್ರುವರಿಯಲ್ಲಿ ಅವನೇ ಬಿತ್ತಿದ ಕಡಲೆ ರಾಶಿಗೆ ಬರುತ್ತದೆ. ಹಿಂದೆಯೇ ಜೋಳ. ಅಪ್ಪ ಇನ್ನೂ ಭಾರ ಎತ್ತುವಂತಿಲ್ಲ. ಅವನು ಊರಿಗೆ ಹೋಗಲೇಬೇಕು. ‘ಊರು ಬಂದ್’ ಎಂದು ಬರೆದ ಟೈಮ್ ಟೇಬಲ್ ಅಂದೇ ಹರಿಯುತ್ತದೆ. ಹರಿದದ್ದು ಟೈಮ್ ಟೇಬಲ್ ಆದರೂ ‘ನನ್ನ ಕೈಲಿ ಏನೂ ಆಗುವುದಿಲ್ಲ’ ಎಂಬ ಮಾತು ಮಾತ್ರ ಅವನ ತಲೆಯಲ್ಲಿ ಉಳಿಯುತ್ತದೆ. ವಿಳಾಸ ಬರೆಯುವುದು ಯಾಕೆ ಮುಖ್ಯವೆಂದರೆ ಇದಕ್ಕೇ.

ಬೈದರೆ ಓದು ಬರುವುದೇ?

‘ನಮ್ಮನ್ನು ನಾವೇ ಮುದ್ದು ಮಾಡಿಕೊಂಡು ಕುಳಿತರೆ ಉದ್ಧಾರವಾದ ಹಾಗೆ’ ಎನ್ನುವವರಿದ್ದಾರೆ. ಚಾಟಿ ಇಲ್ಲದಿದ್ದರೆ ಗಾಡಿ ಓಡದು ಎಂಬುದು ಅವರ ವಾದ. ನಮ್ಮಲ್ಲಿ ಹಲವರು ಬೆಳೆದದ್ದೂ ಆ ಮಾತು ಕೇಳುತ್ತಲೇ. ಇದಕ್ಕೆ ಉತ್ತರ ಹುಡುಕುವಾಗ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಒಂದು ಅಧ್ಯಯನ ಕಣ್ಣಿಗೆ ಬಿತ್ತು. 2010ರಲ್ಲಿ ಪ್ರಕಟವಾದದ್ದು. ಮೊದಲ ವರ್ಷದ 119 ವಿದ್ಯಾರ್ಥಿಗಳನ್ನು ಎರಡು ಪರೀಕ್ಷೆಗಳ ಅವಧಿಯಲ್ಲಿ ಗಮನಿಸಿದರು. ಮೊದಲ ಪರೀಕ್ಷೆಗೆ ಓದುವುದನ್ನು ನಾಳೆ ನಾಳೆ ಎಂದು ಮುಂದೂಡಿದವರು ಅವರಲ್ಲಿ ಇದ್ದೇ ಇದ್ದರು. ಆ ಮುಂದೂಡಿಕೆಗಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೇ ಪರೀಕ್ಷೆಯ ಹೊತ್ತಿಗೆ ಮುಂದೂಡುವುದನ್ನು ಕಡಿಮೆ ಮಾಡಿದ್ದರು.

ಕಾರಣ ಕಷ್ಟದ್ದೇನಲ್ಲ. ಪುಸ್ತಕ ತೆರೆದಾಗಲೆಲ್ಲ ‘ಹೋದ ಸಲ ಏನು ಕಡಿದು ಗುಡ್ಡೆ ಹಾಕಿದೆ?’ ಎಂಬ ಮಾತು ಒಳಗಿನಿಂದ ಕೇಳಿಸಿದರೆ ಆ ಪುಸ್ತಕವೇ ನೋವಿನ ವಸ್ತುವಾಗುತ್ತದೆ. ನೋವಿನಿಂದ ತಪ್ಪಿಸಿಕೊಳ್ಳಲು ಕೈ ಮೊಬೈಲಿಗೆ ಹೋಗುತ್ತದೆ. ಬೈಗುಳ ನಿಂತರೆ ಪುಸ್ತಕದ ಹತ್ತಿರ ಹೋಗುವುದು ಅಷ್ಟರಮಟ್ಟಿಗೆ ಸುಲಭ.

ಕ್ಷಮಿಸಿಕೊಳ್ಳುವುದೆಂದರೆ ‘ಹೋಗಲಿ ಬಿಡು’ ಎಂದು ಕೈ ಕೊಡವಿ ಏಳುವುದಲ್ಲ. ಹೋದದ್ದು ಎಂಬ ಸಾಲು ಹಾಳೆಯ ಮೇಲೆ ಇದ್ದೇ ಇರುತ್ತದೆ. ಶಾಲೆಯಲ್ಲಿ ಎರಡು ಬಗೆಯ ಗಣಿತದ ಮೇಷ್ಟ್ರನ್ನು ನಾವೆಲ್ಲ ಕಂಡಿದ್ದೇವೆ. ಲೆಕ್ಕ ತಪ್ಪಾದರೆ ಒಬ್ಬರು ನೋಟ್‌ಬುಕ್ಕನ್ನು ಕಿಟಕಿಯ ಕಡೆ ಎಸೆಯುತ್ತಾರೆ. ಇನ್ನೊಬ್ಬರು ಮೂರನೇ ಹಂತದ ಮೇಲೆ ಬೆರಳಿಟ್ಟು, ‘ಇಲ್ಲಿವರೆಗೆ ಸರಿಯಾಗಿದೆ, ಇಲ್ಲಿ ಚಿಹ್ನೆ ಬದಲಾಗಬೇಕಿತ್ತು ನೋಡು’ ಎನ್ನುತ್ತಾರೆ. ಎರಡನೆಯವರು ಯಾವ ತಪ್ಪನ್ನೂ ಬಿಟ್ಟುಕೊಡುವುದಿಲ್ಲ. ಆದರೂ ನಮಗೆ ಲೆಕ್ಕ ಬಂದದ್ದು ಅವರಿಂದಲೇ. ವರ್ಷದ ಕೊನೆಗೆ ನಮ್ಮ ಲೆಕ್ಕ ನಾವೇ ತಿದ್ದುವಾಗ ಯಾವ ಮೇಷ್ಟ್ರಾಗಬೇಕು ಎಂಬುದು ನಮ್ಮ ಕೈಯಲ್ಲೇ ಇದೆ.

ಇಲ್ಲೊಂದು ಮಾತು ಹೇಳಲೇಬೇಕು. ಕೆಲವರ ಎದೆಯ ಭಾರ ಹಾಳೆ ಪೆನ್ನಿಗೆ ಇಳಿಯುವಂಥದ್ದಲ್ಲ. ನಿದ್ದೆ ಬಾರದ ರಾತ್ರಿಗಳು ಸಾಲಾಗಿ ಬಂದರೆ, ಬದುಕೇ ಬೇಡ ಅನ್ನಿಸತೊಡಗಿದರೆ ಹೊಸ ವರ್ಷಕ್ಕೆ ಕಾಯುವುದು ಬೇಡ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಟೆಲಿ-ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಪಕ್ಕದ ಮಂಚದ ಗೆಳೆಯನಿಗೆ ಈ ನಂಬರ್ ಬರೆದು ಕೊಡುವುದೂ ಒಂದು ಒಳ್ಳೆಯ ಸಂಕಲ್ಪವೇ.

ಯಥಾಶಕ್ತಿ ಎಂದರೆ ಎಷ್ಟು?

ವಿಳಾಸ ಬರೆದಾಯಿತು. ಇನ್ನು ಕೆಲಸ. ಇಲ್ಲಿ ಮೂರು ಸಣ್ಣ ವಿಷಯಗಳು ನನಗೆ ಉಪಯೋಗಕ್ಕೆ ಬಂದಿವೆ.

ಮೊದಲನೆಯದು, ‘ಯಾವಾಗ, ಎಲ್ಲಿ’ ಎಂದು ಬರೆಯುವುದು. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಮತ್ತು ಅವರ ಸಹೋದ್ಯೋಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟಿದ್ದರು: ಕ್ರಿಸ್‌ಮಸ್ ಹಿಂದಿನ ದಿನವನ್ನು ಹೇಗೆ ಕಳೆದಿರಿ ಎಂದು ಎರಡು ದಿನದೊಳಗೆ ಬರೆದು ಕಳಿಸಬೇಕು. ಅರ್ಧದಷ್ಟು ಮಂದಿಗೆ ಮಾತ್ರ, ಯಾವ ಹೊತ್ತಿಗೆ, ಎಲ್ಲಿ ಕುಳಿತು ಬರೆಯುತ್ತೀರಿ ಎಂದು ಮೊದಲೇ ನಿಗದಿ ಮಾಡಿಕೊಳ್ಳಲು ಹೇಳಿದರು. ಹಾಗೆ ಗೊತ್ತುಮಾಡಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಸಮಯಕ್ಕೆ ಕಳಿಸಿದರು. ಉಳಿದವರಲ್ಲಿ ಕಳಿಸಿದ್ದು ಸುಮಾರು ಮೂರನೇ ಒಂದು ಪಾಲು. ರಜೆಯ ಗದ್ದಲ ಎಲ್ಲರಿಗೂ ಒಂದೇ. ವ್ಯತ್ಯಾಸ ಇದ್ದದ್ದು ಒಂದು ಸಾಲಿನಲ್ಲಿ. ‘ಗಣಿತ ಚೆನ್ನಾಗಿ ಓದುತ್ತೇನೆ’ ಎಂಬುದಕ್ಕಿಂತ ‘ರಾತ್ರಿ ಊಟವಾದ ಮೇಲೆ, ಕಿಟಕಿ ಪಕ್ಕದ ಮೇಜಿನಲ್ಲಿ, ನಲವತ್ತು ನಿಮಿಷ ಗಣಿತ’ ಎಂಬುದು ಹೆಚ್ಚು ದಿನ ಬದುಕುತ್ತದೆ. ಪುರೋಹಿತರು ತಿಥಿ, ವಾರ ಹೇಳಿಸುವುದು ಸುಮ್ಮನೆ ಅಲ್ಲ ಅನ್ನಿಸಿತು.

ಎರಡನೆಯದು, ಬಿಡುವ ಪಟ್ಟಿಗಿಂತ ಹಿಡಿಯುವ ಪಟ್ಟಿ. ಸ್ವೀಡನ್ನಿನಲ್ಲಿ 1,066 ಜನರ ಹೊಸ ವರ್ಷದ ಸಂಕಲ್ಪಗಳನ್ನು ಒಂದು ವರ್ಷ ಹಿಂಬಾಲಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ‘ಇದನ್ನು ಮಾಡುತ್ತೇನೆ’ ಎಂದುಕೊಂಡವರಲ್ಲಿ ಶೇ 58.9ರಷ್ಟು ಮಂದಿ ತಾವು ಯಶಸ್ವಿಯಾದೆವು ಎಂದರು. ‘ಇದನ್ನು ಬಿಡುತ್ತೇನೆ’ ಎಂದುಕೊಂಡವರಲ್ಲಿ ಅದು ಶೇ 47.1. ಮೊಬೈಲ್ ಮುಟ್ಟುವುದಿಲ್ಲ ಎಂದುಕೊಂಡು ಕುಳಿತರೆ ತಲೆ ತುಂಬ ಮೊಬೈಲೇ ಇರುತ್ತದೆ. ಮಲಗುವ ಮುನ್ನ ಹತ್ತು ಪುಟ ಕಾದಂಬರಿ ಓದುತ್ತೇನೆ ಎಂದುಕೊಂಡರೆ ಕೈಗೆ ಬೇರೆ ಕೆಲಸ ಸಿಕ್ಕಿತು.

ಮೂರನೆಯದು, ರೂಢಿಗೆ ಬೇಕಾಗುವ ಕಾಲ. ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತು ಎಲ್ಲ ರೀಲ್‌ಗಳಲ್ಲೂ ಓಡಾಡುತ್ತಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ತಂಡ 96 ಜನರನ್ನು ಹನ್ನೆರಡು ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆ. ಊಟದ ಜೊತೆ ಒಂದು ಹಣ್ಣು ತಿನ್ನುವಂಥ ಸಣ್ಣ ಕೆಲಸ ತಾನಾಗಿಯೇ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಗಿತ್ತು. ಒಬ್ಬೊಬ್ಬರಿಗೂ ಒಂದೊಂದು: ಅಂದಾಜು 18 ದಿನದಿಂದ 254 ದಿನದವರೆಗೆ. ನನಗೆ ಇದರಲ್ಲಿ ಬಹಳ ಸಮಾಧಾನ ಕೊಟ್ಟ ಸಾಲು ಇನ್ನೊಂದಿದೆ. ನಡುವೆ ಒಂದು ದಿನ ತಪ್ಪಿದರೆ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ತೊಂದರೆಯೇನೂ ಆಗಲಿಲ್ಲ. ಅಂದರೆ ಜನವರಿ ಒಂಬತ್ತಕ್ಕೆ ಒಂದು ದಿನ ಎದ್ದೇಳಲಾಗದಿದ್ದರೆ ಹತ್ತರಂದು ಎದ್ದರಾಯಿತು. ಇಡೀ ವರ್ಷವನ್ನು ಮುಂದಿನ ಡಿಸೆಂಬರಿಗೆ ತಳ್ಳಬೇಕಿಲ್ಲ.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕತೆಯಲ್ಲಿ ಬರೆದುಕೊಂಡ ಒಂದು ಸಂಗತಿ ನೆನಪಾಗುತ್ತದೆ. ಯುವಕನಾಗಿದ್ದಾಗ ಆತ ಹದಿಮೂರು ಗುಣಗಳ ಪಟ್ಟಿ ಮಾಡಿ, ಒಂದು ಸಣ್ಣ ಪುಸ್ತಕದಲ್ಲಿ ಮನೆ ಹಾಕಿ, ತಪ್ಪಿದಾಗಲೆಲ್ಲ ಕಪ್ಪು ಚುಕ್ಕಿ ಇಡುತ್ತಿದ್ದ. ಹದಿಮೂರನ್ನೂ ಒಟ್ಟಿಗೆ ಹಿಡಿಯಲು ಹೋಗಲಿಲ್ಲ. ವಾರಕ್ಕೊಂದರ ಮೇಲೆ ಮಾತ್ರ ಗಮನ. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ವಸ್ತುಗಳನ್ನು ಅಚ್ಚುಕಟ್ಟಾಗಿ ಇಡುವ ಗುಣ ಮಾತ್ರ ಅವನಿಗೆ ಕೊನೆಯವರೆಗೂ ಒಲಿಯಲಿಲ್ಲ. ಪರಿಪೂರ್ಣನಾಗಲಿಲ್ಲವಾದರೂ ಆ ಪ್ರಯತ್ನದಿಂದ ಮೊದಲಿಗಿಂತ ಒಳ್ಳೆಯವನೂ ಸಂತೋಷದಿಂದಿರುವವನೂ ಆದೆ ಎಂದು ಇಳಿವಯಸ್ಸಿನಲ್ಲಿ ಬರೆದ. ಅವನ ಪುಸ್ತಕದಲ್ಲಿ ಕಪ್ಪು ಚುಕ್ಕಿಗಳಿದ್ದವು ಎಂಬುದೇ ನನಗೆ ಧೈರ್ಯ ಕೊಡುವ ಸಂಗತಿ.

ವರ್ಷಕ್ಕೆ ಎಷ್ಟು ಹೊಸ ವರ್ಷ?

ವಾರದ ಆರಂಭ, ತಿಂಗಳ ಆರಂಭ, ಹುಟ್ಟುಹಬ್ಬದ ಮರುದಿನ, ಹೀಗೆ ಕಾಲದಲ್ಲಿ ಒಂದು ಗೆರೆ ಬಿದ್ದಾಗಲೆಲ್ಲ ಜನ ಹೊಸದಾಗಿ ಏನಾದರೂ ಶುರು ಮಾಡಲು ಮುಂದಾಗುತ್ತಾರೆ ಎಂದು ಅಮೆರಿಕದ ಸಂಶೋಧಕರು 2014ರಲ್ಲಿ ತೋರಿಸಿದ್ದಾರೆ. ಆ ಗೆರೆಗಳಲ್ಲಿ ಜನವರಿ ಒಂದು ದೊಡ್ಡದು, ಅಷ್ಟೇ. ಇಂಥ ಗೆರೆಗಳ ವಿಷಯದಲ್ಲಿ ನಮ್ಮಷ್ಟು ಶ್ರೀಮಂತರು ಕಡಿಮೆ! ಜನವರಿ ಒಂದಾದ ಎರಡೇ ವಾರಕ್ಕೆ ಸಂಕ್ರಾಂತಿ. ಮಾರ್ಚ್–ಏಪ್ರಿಲ್‌ನಲ್ಲಿ ಯುಗಾದಿ. ಏಪ್ರಿಲ್ ಒಂದಕ್ಕೆ ಹೊಸ ಹಣಕಾಸು ವರ್ಷ. ಜೂನ್ ಹೊತ್ತಿಗೆ ಮುಂಗಾರು, ಹೊಸ ನೋಟ್‌ಬುಕ್ಕಿನ ವಾಸನೆ. ಆಮೇಲೆ ದೀಪಾವಳಿಯ ಲೆಕ್ಕದ ಪುಸ್ತಕ. ಹಳೇ ಮೈಸೂರು ಭಾಗದ ಹಳ್ಳಿಗಳಲ್ಲಿ ಯುಗಾದಿಗೆ ಹೊನ್ನಾರು ಕಟ್ಟುತ್ತಾರೆ. ಎತ್ತುಗಳನ್ನು ಸಿಂಗರಿಸಿ, ನೇಗಿಲಿಗೆ ಪೂಜೆ ಮಾಡಿ, ಹೊಲದಲ್ಲಿ ವರ್ಷದ ಮೊದಲ ಸಾಲು ಹೊಡೆಯುವುದು. ಅಂದೇ ಇಡೀ ಹೊಲ ಉತ್ತು ಮುಗಿಸಬೇಕೆಂದು ಯಾರೂ ಹೇಳುವುದಿಲ್ಲ. ಶುರುವಾಯಿತು ಎಂಬುದಕ್ಕೆ ಕೆಲವು ಸಾಲು ಸಾಕು.

2026ರ ಜನವರಿ ಒಂದರಿಂದ ಅರವತ್ತಾರು ದಿನ ಎಣಿಸಿದರೆ ಮಾರ್ಚ್ 7 ಬರುತ್ತದೆ. ಯುಗಾದಿ ಮಾರ್ಚ್ 19ಕ್ಕೆ. ಹಾಗಾಗಿ ನಮ್ಮ ರೂಮಿನಲ್ಲಿ ಈ ಸಲ ವರ್ಷದ ಟೈಮ್ ಟೇಬಲ್ ಇಲ್ಲ. ಇರುವುದು ಜನವರಿಯಿಂದ ಯುಗಾದಿಯವರೆಗಿನದು ಮಾತ್ರ. ಬೇವು ಬೆಲ್ಲ ತಿಂದ ದಿನ ಮತ್ತೆ ಹಾಳೆ ಹಿಡಿದು ಕೂರುವುದು, ಬಾಕಿ ನೋಡುವುದು, ಮುಂದಿನದು ಬರೆಯುವುದು. ಪಂಚಾಂಗದ ಪ್ರಕಾರ ಅಂದು ಶುರುವಾಗುವ ಸಂವತ್ಸರದ ಹೆಸರು ‘ಪರಾಭವ’. ಪರೀಕ್ಷೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗಲಿಲ್ಲವೇ ಎಂದು ನಾವಿಬ್ಬರೂ ನಕ್ಕೆವು. ಅರವತ್ತು ಹೆಸರುಗಳ ಪಟ್ಟಿಯಲ್ಲಿ ಅದರ ಸರದಿ ಬಂದಿದೆ, ಅಷ್ಟೆ. ಸೋಲಿಗೂ ಪಟ್ಟಿಯಲ್ಲಿ ಒಂದು ವರ್ಷ ಬಿಟ್ಟುಕೊಟ್ಟವರು ದೊಡ್ಡವರು.

ಇನ್ನೊಂದು ಎಚ್ಚರಿಕೆಯನ್ನೂ ನಮಗೆ ನಾವೇ ಹೇಳಿಕೊಂಡೆವು. ‘ಈ ವರ್ಷ ನೌಕರಿ ಹಿಡಿಯುತ್ತೇನೆ’ ಎಂಬುದನ್ನು ಸಂಕಲ್ಪದ ಹಾಳೆಯಲ್ಲಿ ಬರೆಯುವುದಿಲ್ಲ. ಅಧಿಸೂಚನೆ ಯಾವಾಗ ಬರುತ್ತದೆ, ಎಷ್ಟು ಹುದ್ದೆ ಇರುತ್ತವೆ, ಕಟಾಫ್ ಎಲ್ಲಿಗೆ ನಿಲ್ಲುತ್ತದೆ ಎಂಬುದು ಯಾವುದೂ ನಮ್ಮ ಕೈಯಲ್ಲಿಲ್ಲ. ಅದು ಆಸೆ. ಆಸೆ ಇರಬೇಕು, ಎದೆಯೊಳಗೆ ಇರಲಿ. ಹಾಳೆಯ ಮೇಲೆ ಬರುವುದು ನಮ್ಮ ಕೈಕಾಲಿಗೆ ದಕ್ಕುವ ಕೆಲಸ ಮಾತ್ರ.

ರೂಮ್‌ಮೇಟಿನ ಹಾಳೆಯಲ್ಲಿ ಈಗ ನಾಲ್ಕೇ ಸಾಲುಗಳಿವೆ. ರಾತ್ರಿ ನಲವತ್ತು ನಿಮಿಷ ಗಣಿತ. ಬೆಳಿಗ್ಗೆ ಲೈಬ್ರರಿಯಲ್ಲಿ ಇತಿಹಾಸ. ದಿನಾ ಸಂಜೆ ಅಪ್ಪನಿಗೆ ಫೋನು. ಫೆಬ್ರುವರಿಯಲ್ಲಿ ಹತ್ತು ದಿನ ಊರು, ಕಡಲೆ ರಾಶಿ. ಕೊನೆಯ ಸಾಲನ್ನು ಅವನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆದಿದ್ದಾನೆ. ಹೊಲಕ್ಕೆ ಹೋಗುವುದು ಈಗ ಓದು ತಪ್ಪಿಸಿ ಓಡಿಹೋಗುವುದಲ್ಲ, ಟೈಮ್ ಟೇಬಲ್‌ನ ಒಳಗೇ ಇದೆ.

ನಿಮ್ಮ ಹಾಳೆ

ನೀವೂ ಬರೆಯುವುದಾದರೆ ಹೆಚ್ಚು ಹೊತ್ತು ಬೇಡ, ಅರ್ಧ ಗಂಟೆ ಸಾಕು. ಒಬ್ಬರೇ ಕೂರುವುದಕ್ಕಿಂತ ನಿಮ್ಮನ್ನು ಬಲ್ಲ ಗೆಳೆಯನೋ ಗೆಳತಿಯೋ ತಂಗಿಯೋ ಎದುರಿಗಿದ್ದರೆ ಒಳ್ಳೆಯದು. ನಾವು ಲೆಕ್ಕಕ್ಕೇ ತೆಗೆದುಕೊಳ್ಳದ ಕೆಲಸಗಳನ್ನು ನೆನಪಿಸುವವರು ಅವರೇ. ತಿಂಗಳು ತಿಂಗಳಾಗಿ ನೆನೆಯಿರಿ, ಫೋನಿನ ಗ್ಯಾಲರಿ ಹಿಂದಕ್ಕೆ ಸರಿಸುತ್ತ ಹೋದರೂ ಸಾಕು. ಬಂದದ್ದು, ಹೋದದ್ದು, ಉಳಿದದ್ದು. ಆಮೇಲೆ ಯುಗಾದಿಯವರೆಗೆ ಎರಡೋ ಮೂರೋ ಕೆಲಸ, ಹೊತ್ತು ಮತ್ತು ಜಾಗದ ಸಮೇತ. ಕೆಳಗೆ ಎರಡು ಬೆರಳಷ್ಟು ಖಾಲಿ ಜಾಗ ಬಿಡಿ. ತಪ್ಪಿದ ದಿನಗಳನ್ನು ಬರೆಯಲು ಅದು. ಆ ಜಾಗ ಖಾಲಿ ಉಳಿಯುವುದಿಲ್ಲ ಎಂದು ಈಗಲೇ ಗೊತ್ತಿರಲಿ.

ನನ್ನದನ್ನು ಪೂಜೆಯ ಕ್ರಮದಲ್ಲೇ ಬರೆದುಕೊಂಡಿದ್ದೇನೆ: ಗೋದಾವರಿಯ ದಕ್ಷಿಣಕ್ಕೆ, ಧಾರವಾಡದ ಸಪ್ತಾಪುರದಲ್ಲಿ, ಮೂರನೇ ಮಹಡಿಯ ಇಬ್ಬರ ರೂಮಿನಲ್ಲಿ, ಶಾಲಿವಾಹನ ಶಕೆ 1947, ವಿಶ್ವಾವಸು ಸಂವತ್ಸರ, ಹೇಮಂತ ಋತು, ಪುಷ್ಯ ಮಾಸದ ಚಳಿಯಲ್ಲಿ, ಗುರುವಾರ, ಮೂರನೇ ವರ್ಷ ಪರೀಕ್ಷೆಗೆ ಓದುತ್ತಿರುವ, ಅಮ್ಮನ ಹೊಲಿಗೆ ಯಂತ್ರದ ದುಡಿಮೆಯಲ್ಲಿ ಪಿಜಿ ಬಾಡಿಗೆ ಕಟ್ಟುತ್ತಿರುವ ನಾನು, ದಿನಾ ಬೆಳಿಗ್ಗೆ ಆರೂವರೆಯಿಂದ ಒಂದು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತೇನೆ, ಭಾನುವಾರ ಸಂಜೆ ಕೆಲಗೇರಿ ಕೆರೆಯವರೆಗೆ ನಡೆದು ಬರುತ್ತೇನೆ, ಯಥಾಶಕ್ತಿ.